ಮಾತಾಡಿದರೆ ಮಳೆ ನಿಲ್ಲುತ್ತದಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ 36 ವರ್ಷ. ಕಾಸರಗೋಡಿನ ಪೆರ್ಲದ ಹತ್ತಿರ ಅಡಿಕೆ ತೋಟ ಉಂಟು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ, ಅಪ್ಪನಿಗೆ ಲಕ್ವ ಹೊಡೆದ ಮೇಲೆ ಬಿಟ್ಟು ಬಂದೆ. ಎರಡು ವರ್ಷ ಕೊಳೆರೋಗದಲ್ಲಿ ಅರ್ಧ ಫಸಲು ಹೋಯಿತು. ಮದುವೆಯಾಗಿಲ್ಲ, ತೋಟದಲ್ಲಿರುವ ಹುಡುಗನಿಗೆ ಹೆಣ್ಣು ಕೊಡುವವರು ಯಾರು? ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಯಾವಾಗಲೂ ಹೊಟ್ಟೆ ಉರಿ. ಮಂಗಳೂರಿಗೆ ಹೋಗಿ ಎಂಡೋಸ್ಕೋಪಿ ಮಾಡಿಸಿದೆ, ಏನೂ ಇಲ್ಲ ಅಂದರು. ತಾಳಮದ್ದಳೆ ಅಂದರೆ ರಾತ್ರಿಯಿಡೀ ಕೂರುತ್ತಿದ್ದವನು, ಈಗ ಒಂದು ವರ್ಷದಿಂದ ಎಲ್ಲಿಗೂ ಹೋಗಿಲ್ಲ. ಮೊನ್ನೆ ಅಮ್ಮ ಊಟಕ್ಕೆ ಎರಡು ಸಲ ಕರೆದರು ಅಂತ ಸಿಟ್ಟಿನಲ್ಲಿ ಬಟ್ಟಲು ಬಿಸಾಡಿದೆ. ಅಪ್ಪ ಮಲಗಿದಲ್ಲಿಂದಲೇ 'ನಿನ್ನಿಂದ ಏನಾಗ್ತದೆ' ಅಂತಾರೆ. ಅಮ್ಮ ಮಧೂರು ಗಣಪತಿಗೆ ಅಪ್ಪದ ಹರಕೆ ಹೇಳಿದ್ದಾರೆ. ಬೆಂಗಳೂರಿನಲ್ಲಿರುವ ತಂಗಿ ಥೆರಪಿಗೆ ಹೋಗುತ್ತಾಳಂತೆ, ನೀನೂ ಹೋಗು ಅಂತ ದಿನಾ ಫೋನು. ನನಗೇನು ಹುಚ್ಚಾ? ನನ್ನ ಸಮಸ್ಯೆ ಮಳೆ, ರೇಟು, ಮದುವೆ. ದುಡ್ಡು ಕೊಟ್ಟು ಯಾರದೋ ಎದುರು ಕೂತು ಮಾತಾಡಿದರೆ ಮಳೆ ನಿಲ್ಲುತ್ತದಾ? ನನಗೆ ಲಾಭ ಏನು, ನೇರವಾಗಿ ಹೇಳಿ.

ಉತ್ತರ:

ತಮ್ಮಾ, ನೇರವಾಗಿಯೇ ಹೇಳುತ್ತೇನೆ. ಮಳೆ ನಿಲ್ಲುವುದಿಲ್ಲ. ಅಡಿಕೆಗೆ ರೇಟೂ ಬರುವುದಿಲ್ಲ. ಥೆರಪಿಗೆ ಹೋದ ಕಾರಣಕ್ಕೆ ಹೆಣ್ಣೂ ಸಿಗುವುದಿಲ್ಲ.

ಆದರೆ ನೀವು ಅಡಿಕೆಗೆ ಮದ್ದು ಬಿಡುತ್ತೀರಲ್ವಾ? ಮಳೆ ಹಿಡಿಯುವ ಮೊದಲು ಮೈಲುತುತ್ತು, ಸುಣ್ಣ ಕಲಸಿ, ಆಳು ಸಿಗದಿದ್ದರೆ ಸಿಗುವವರೆಗೆ ಅಲೆದು, ಗೊನೆಗೊನೆಗೂ ಬೋರ್ಡೋ ಬಿಡಿಸುತ್ತೀರಿ. 40–45 ದಿನ ಕಳೆದು ಇನ್ನೊಂದು ಸಲ. ಅದರಿಂದ ಮಳೆ ನಿಂತದ್ದುಂಟಾ? ಮಳೆ ಬರುವಷ್ಟು ಬರುತ್ತದೆ, ಬಂದರೂ ಕಾಯಿ ಕೊಳೆಯಬಾರದು ಅಂತ ಮದ್ದು ಬಿಡುವುದು. ಥೆರಪಿಯಿಂದ ಏನು ಲಾಭ ಅಂತ ನನ್ನನ್ನು ಯಾರೇ ಕೇಳಿದರೂ ನಾನು ಹೇಳುವುದು ಇದನ್ನೇ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಸಮಸ್ಯೆ ಅಂತ ನೀವು ಪಟ್ಟಿ ಮಾಡಿದ್ದು ಮೂರು. ಆದರೆ ಪತ್ರದಲ್ಲಿ ಜಾಸ್ತಿ ಜಾಗ ತೆಗೆದುಕೊಂಡದ್ದು ಆ ಮೂರಲ್ಲ. ನಿದ್ದೆ, ಹೊಟ್ಟೆ, ಬಟ್ಟಲು, ತಾಳಮದ್ದಳೆ. ಇಷ್ಟದ ವಿಷಯ ಬೇಡವಾಗುವುದು, ಬೆಳಗಾಗುವ ಮೊದಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಸಣ್ಣದಕ್ಕೂ ಸಿಟ್ಟು ಬರುವುದು, ಇದೆಲ್ಲ ವಾರಗಟ್ಟಲೆ ಒಟ್ಟಿಗೆ ಇದ್ದರೆ ಬಲ್ಲವರು ಮೊದಲು ಖಿನ್ನತೆ ಇದೆಯಾ ಅಂತ ನೋಡುತ್ತಾರೆ. ಗಂಡಸರಲ್ಲಿ ಅದು ಎಷ್ಟೋ ಸಲ ಅಳುವಾಗಿ ಬರುವುದಿಲ್ಲ, ಸಿಟ್ಟಾಗಿ ಬರುತ್ತದೆ. ನಿಮಗೆ ಅದೇ ಆಗಿದೆ ಅಂತ ಪತ್ರ ನೋಡಿ ಹೇಳಲು ನಾನು ಡಾಕ್ಟರಲ್ಲ. ಹುಚ್ಚು ಅಂತೂ ಅಲ್ಲ. ನೋಡಿಸಿಕೊಳ್ಳಬೇಕಾದ ವಿಷಯ ಅಂತ ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಮುಂದೆ ಹೋಗುವ ಮೊದಲು ಒಂದು ಮಾತು ಕೇಳಲೇಬೇಕು. ಆ ಮೂರು ಗಂಟೆಯ ಹೊತ್ತಿಗೆ 'ಇನ್ನು ಬದುಕುವುದೇ ಬೇಡ' ಅಂತ ಯಾವತ್ತಾದರೂ ಅನಿಸಿದೆಯಾ? ಅನಿಸಿದ್ದರೆ ಉಳಿದದ್ದನ್ನು ಆಮೇಲೆ ಓದಿ, ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಭಾಷೆ ಆರಿಸಿಕೊಳ್ಳಬಹುದು. ತೋಟಕ್ಕೆ ತಂದಿಟ್ಟ ವಿಷದ ಡಬ್ಬಗಳಿದ್ದರೆ ಆ ಕೋಣೆಯ ಬೀಗದ ಕೈ ಇವತ್ತೇ ಬೇರೆಯವರ ಹತ್ತಿರ ಕೊಡಿ. ತಂಗಿಗೂ ಹೇಳಿ. ಅನಿಸಿಲ್ಲವಾದರೆ ಸಂತೋಷ, ನಂಬರು ಮಾತ್ರ ಫೋನಿನಲ್ಲಿ ಇಟ್ಟುಕೊಳ್ಳಿ.

ಈಗ ಲಾಭದ ವಿಷಯ.

ಮೂರು ಗಂಟೆಗೆ ಎಚ್ಚರವಾದಾಗ ತಲೆಯಲ್ಲಿ ಏನು ಓಡುತ್ತದೆ ಅಂತ ನೀವು ಬರೆದಿಲ್ಲ. ನಾನು ಊಹಿಸುತ್ತೇನೆ. 'ಈ ಸಲವೂ ಫಸಲು ಹೋಯಿತು' ಅಂತ ಶುರುವಾಗುತ್ತದೆ. ಅದರ ಬೆನ್ನಿಗೇ 'ನನ್ನಿಂದ ಏನೂ ಆಗುವುದಿಲ್ಲ' ಬರುತ್ತದೆ. ಎರಡೂ ಒಂದೇ ಉಸಿರಿನಲ್ಲಿ ಬರುವುದರಿಂದ ಎರಡೂ ಒಂದೇ ತೂಕದ ಸತ್ಯ ಅಂತ ಅನಿಸುತ್ತದೆ. ಆದರೆ ಮೊದಲನೆಯದು ನಡೆದ ಸಂಗತಿ. ಎರಡನೆಯದು ಅಪ್ಪನ ಮಾತು, ಅದು ಈಗ ನಿಮ್ಮ ದನಿಯಲ್ಲೇ ಕೇಳಿಸುತ್ತಿದೆ. ಆ ವರ್ಷ ಕೊಳೆರೋಗ ನಿಮ್ಮ ತೋಟಕ್ಕೆ ಮಾತ್ರ ಬಂದಿತ್ತಾ? ನಲವತ್ತು ವರ್ಷದಿಂದ ತೋಟ ಮಾಡಿದವರಿಗೂ ಹೋಗಿಲ್ವಾ? ಅವರನ್ನು ನೋಡಿ 'ಇವರಿಂದ ಏನೂ ಆಗುವುದಿಲ್ಲ' ಅಂತ ನೀವು ಅಂದುಕೊಂಡಿರಾ? ಇಲ್ಲ ಅಲ್ವಾ. ಹಾಗಾದರೆ ನಿಮಗೆ ಮಾತ್ರ ಬೇರೆ ಲೆಕ್ಕ ಯಾಕೆ?

ಹೀಗೆ ಒಂದೊಂದು ಯೋಚನೆಯನ್ನು ಎತ್ತಿ ಹೊರಗಿಟ್ಟು, ಬರೆದು, ಇದಕ್ಕೆ ಸಾಕ್ಷಿ ಏನು ಅಂತ ಕೇಳುವುದನ್ನು ಕಲಿಸುವ ಒಂದು ದಾರಿ ಉಂಟು. ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅಂತಾರೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಕಟ್ಟಿದ ಪದ್ಧತಿ. ಇದು 'ಒಳ್ಳೆಯದನ್ನೇ ಯೋಚಿಸಿ' ಅನ್ನುವ ಉಪದೇಶ ಅಲ್ಲ. ಫಸಲು ಹೋಗಿದ್ದರೆ ಹೋಗಿದೆ ಅಂತಲೇ ಒಪ್ಪುತ್ತಾರೆ. ಹೋದದ್ದು ಫಸಲು ಮಾತ್ರ, ನೀವಲ್ಲ, ಅನ್ನುವಲ್ಲಿಗೆ ನೀವೇ ನಡೆದು ಬರುವಂತೆ ಮಾಡುತ್ತಾರೆ. ಸಾಮಾನ್ಯವಾಗಿ ವಾರಕ್ಕೊಂದು ಸಲ, 45–50 ನಿಮಿಷ, ಸುಮಾರು 12ರಿಂದ 20 ಸಲ. ಮನೆಯಲ್ಲಿ ಮಾಡಲಿಕ್ಕೆ ಕೆಲಸವನ್ನೂ ಕೊಡುತ್ತಾರೆ. ಸುಮ್ನೆ ಕೂತು ಕಷ್ಟ ಹೇಳಿಕೊಂಡು ಬರುವುದು ಅಂತ ನೀವು ತಿಳಿದಿದ್ದರೆ, ಅಷ್ಟೇ ಅಲ್ಲ ಅದು.

ಬಟ್ಟಲಿನ ವಿಷಯಕ್ಕೂ ಇದೇ ಬೇಕು. ಅಮ್ಮ ಎರಡನೇ ಸಲ ಕರೆದದ್ದಕ್ಕೂ ಬಟ್ಟಲು ಹಾರಿದ್ದಕ್ಕೂ ನಡುವೆ ಒಂದು ಕ್ಷಣ ಇತ್ತು. ನಿಮಗೆ ಅದು ಕಾಣಲಿಲ್ಲ. ಆ ಕ್ಷಣ ಕಾಣುವಂತಾಗುವುದು, ಎದೆ ಬಿಗಿಯಾಯಿತು, ಕೈ ಬಿಸಿಯಾಯಿತು, ಈಗ ಎದ್ದು ಅಂಗಳಕ್ಕೆ ಹೋಗಬೇಕು ಅಂತ ಹೊಳೆಯುವುದು, ನನ್ನ ಲೆಕ್ಕದಲ್ಲಿ ಥೆರಪಿಯಿಂದ ಸಿಗುವ ದೊಡ್ಡ ಲಾಭ ಇದೇ. ಸಿಟ್ಟು ಬರುವುದು ನಿಲ್ಲುವುದಿಲ್ಲ. ಸಿಟ್ಟು ಬಂದಾಗ ಏನು ಮಾಡಬೇಕು ಅನ್ನುವುದು ನಿಮ್ಮ ಕೈಗೆ ವಾಪಸ್ ಬರುತ್ತದೆ. ಅಮ್ಮನಿಗೆ ಮಾತ್ರ ಇವತ್ತೇ ಹೋಗಿ 'ತಪ್ಪಾಯಿತು' ಅಂತ ಹೇಳಿ. ಅದಕ್ಕೆ ಯಾವ ಥೆರಪಿಯೂ ಬೇಡ.

ನಿದ್ದೆಗೂ ಪ್ರತ್ಯೇಕ ಕ್ರಮವೇ ಉಂಟು. ನಿದ್ದೆ ಬಾರದೆ ಹೊರಳಾಡುವ ಬದಲು ಎದ್ದು ಬೇರೆ ಕಡೆ ಕೂರುವುದು, ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಏಳುವ ಹೊತ್ತು ಒಂದೇ ಇಡುವುದು, ಹೀಗೆ. ಕೇಳಲಿಕ್ಕೆ ಸಣ್ಣ ವಿಷಯ. ಆದರೆ ಬಹಳ ಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಮಾಡಿಸಿ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಹೇಳಿದೆ. ಹೊಟ್ಟೆಯೂ ಅಷ್ಟೇ. ಎಂಡೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ನಿಮ್ಮ ಉರಿ ಸುಳ್ಳಲ್ಲ. ಮನಸ್ಸಿಗೆ ಒತ್ತಡ ಬಿದ್ದರೆ ಹೊಟ್ಟೆಗೆ ಮೊದಲು ಗೊತ್ತಾಗುತ್ತದೆ, ಮನಸ್ಸು ಸ್ವಲ್ಪ ಸಡಿಲವಾದರೆ ಎಷ್ಟೋ ಜನರಿಗೆ ಹೊಟ್ಟೆಯೂ ಹಗುರಾಗುತ್ತದೆ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡಿತು. ಬೆಂಗಳೂರಿನ ಬದುಕನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿ ಕೆಲಸ ಇತ್ತು, ಗೆಳೆಯರಿದ್ದರು, ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು, ನಿಮ್ಮದೇ ಅಂತ ಒಂದು ರೂಮು ಇತ್ತೇನೋ. ಅಷ್ಟೂ ಹೋಯಿತು. ಅದರ ಜೊತೆ ತೋಟದಲ್ಲಿ ನಡೆದಾಡುತ್ತಿದ್ದ ಅಪ್ಪನೂ ಹೋದರು, ಈಗ ಮಲಗಿರುವವರು ಬೇರೆಯೇ ಒಬ್ಬರು. ಅದಕ್ಕಾಗಿ ನೀವು ಒಂದು ದಿನವಾದರೂ ಅತ್ತಿದ್ದೀರಾ? ಅಪ್ಪ ಬದುಕಿರುವಾಗ ಅಳುವುದು ಹೇಗೆ, ಅಪ್ಪನ ಮೇಲೆ ಸಿಟ್ಟೂ ಇರುವಾಗ ಅಳುವುದು ಹೇಗೆ? ನಮ್ಮ ಮನೆಗಳಲ್ಲಿ ಇದಕ್ಕೆ ಜಾಗವೇ ಇಲ್ಲ. ಥೆರಪಿಯ ಕೋಣೆಯಲ್ಲಿ ಇದೆ. ನನ್ನ ಅಮ್ಮ ತೀರಿಕೊಂಡ ಮೇಲೆ ನಾನೂ ಮಂಗಳೂರಿಗೆ ಹೋಗಿ ಒಬ್ಬರ ಎದುರು ಕೂತವಳು. ಅಮ್ಮನ ಮೇಲೆ ಇದ್ದ ಸಿಟ್ಟನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲಿ. ಹೇಳಿದ ಮೇಲೆ ಪ್ರೀತಿ ಕಡಿಮೆಯಾಗಲಿಲ್ಲ, ನೆನಪು ಮಾಡಿಕೊಳ್ಳುವುದು ಸುಲಭವಾಯಿತು.

ಇದನ್ನೇ ತಂಗಿಗೆ ಹೇಳಬಹುದಲ್ಲ ಅಂತ ಕೇಳಬಹುದು. ಹೇಳಿ, ಬೇಡ ಅನ್ನುವುದಿಲ್ಲ. ಆದರೆ ತಂಗಿಗೂ ಅವರು ಅಪ್ಪ. ನೀವು ತೋಟ ಬಿಡುತ್ತೇನೆ ಅಂದರೆ ಅವಳಿಗೂ ಚಿಂತೆ, ಇರುತ್ತೇನೆ ಅಂದರೆ ಅವಳಿಗೂ ಒಂದು ಸಮಾಧಾನ. ಪೆರ್ಲ ಪೇಟೆಯಲ್ಲಿ ಬೆಳಿಗ್ಗೆ ಚಾ ಕುಡಿಯುತ್ತಾ ಹೇಳಿದ ಮಾತು ಸಂಜೆಗೆ ಬದಿಯಡ್ಕ ತಲುಪುವ ಊರು ನಮ್ಮದು. ನೀವು ಏನು ತೀರ್ಮಾನ ಮಾಡಿದರೂ ಲಾಭವೂ ಇಲ್ಲದ, ನಷ್ಟವೂ ಇಲ್ಲದ ಒಬ್ಬ ಮನುಷ್ಯ ಎದುರಿಗಿದ್ದರೆ ಮಾತ್ರ ಕೆಲವು ಪ್ರಶ್ನೆ ಬಾಯಿಗೆ ಬರುತ್ತದೆ. ನನಗೆ ನಿಜವಾಗಿ ತೋಟ ಬೇಕಾ? ಮದುವೆ ನನಗೆ ಬೇಕಾ, ಊರಿಗೆ ಬೇಕಾ? ಉತ್ತರ ಅವರು ಕೊಡುವುದಿಲ್ಲ. ಕೊಟ್ಟರೆ ಅವರು ಒಳ್ಳೆಯ ಥೆರಪಿಸ್ಟ್ ಅಲ್ಲ.

ಕಷ್ಟದ ಬದಿಯನ್ನೂ ಹೇಳಬೇಕು. ಮೊದಲ ಕೆಲವು ವಾರ ಮನಸ್ಸು ಇನ್ನೂ ಭಾರ ಆಗಬಹುದು, ಮುಚ್ಚಿಟ್ಟದ್ದನ್ನು ತೆಗೆದರೆ ಹಾಗೇ. ಮೊದಲು ಸಿಕ್ಕಿದವರು ನಿಮಗೆ ಹೊಂದದೇ ಇರಬಹುದು. ಮೂರ್ನಾಲ್ಕು ಸಲ ಹೋದ ಮೇಲೂ ಮನಸ್ಸು ಬಿಚ್ಚದಿದ್ದರೆ ಬೇರೆಯವರನ್ನು ನೋಡಿ, ಅದರಲ್ಲಿ ನಾಚಿಕೆ ಏನಿಲ್ಲ. ಖಿನ್ನತೆ ಜೋರಾಗಿದ್ದರೆ ಮಾತಿನ ಜೊತೆ ಮಾತ್ರೆಯೂ ಬೇಕಾಗಬಹುದು, ಎರಡೂ ಸೇರಿದರೆ ಹೆಚ್ಚು ಗುಣ. ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್. ಥೈರಾಯ್ಡನ್ನೂ ಒಮ್ಮೆ ನೋಡಿಸಿ, ಅದು ಏರುಪೇರಾದರೂ ಇಂಥ ತೊಂದರೆ ಬರುತ್ತದೆ.

ಎಲ್ಲಿಗೆ ಹೋಗುವುದು? ಬೋರ್ಡು ಹಾಕಿದವರೆಲ್ಲ ಕಲಿತವರಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಕೇಳಿ, ಕೇಳುವುದು ಅವಮಾನ ಅಲ್ಲ. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ 'ಆಶ್ವಾಸಂ' ಅಂತ ಖಿನ್ನತೆಯ ಕ್ಲಿನಿಕ್ ಶುರುಮಾಡಿದ್ದಾರೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಉಂಟು. ಖರ್ಚಿನ ಚಿಂತೆ ಇದ್ದರೆ ಅಲ್ಲಿಂದಲೇ ಶುರುಮಾಡಿ. ಊರಿನ ಕೇಂದ್ರದಲ್ಲಿ ಎಲ್ಲರೂ ಪರಿಚಯದವರು ಅಂತ ಮುಜುಗರವಾದರೆ ಕಾಸರಗೋಡಿಗೆ ಹೋಗಿ. ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಈ ವಿಭಾಗ ಇದೆ, ಹೇಗೂ ನೀವು ಹೋಗಿ ಬರುವ ದಾರಿ ಅದು.

ಭಾಷೆಯ ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ. ನಮ್ಮವರು ಪಂಚಾಯತಿನಲ್ಲಿ ಮಲಯಾಳ, ಆಳುಗಳ ಹತ್ತಿರ ತುಳು, ಮನೆಯಲ್ಲಿ ಕನ್ನಡ ಅಂತ ದಿನಕ್ಕೆ ಹತ್ತು ಸಲ ನಾಲಿಗೆ ಬದಲಿಸಿ ಅಭ್ಯಾಸವಾದವರು, ಎಲ್ಲಿ ಹೋದರೂ ಎದುರಿನವರ ಭಾಷೆಗೆ ತಿರುಗಿಬಿಡುತ್ತೇವೆ. ಇಲ್ಲಿ ಹಾಗೆ ಮಾಡಬೇಡಿ. ಅಪ್ಪನ ಮಾತು ನಿಮಗೆ ಯಾವ ಭಾಷೆಯಲ್ಲಿ ಚುಚ್ಚುತ್ತದೋ ಅದೇ ಭಾಷೆ ಬಲ್ಲವರು ಬೇಕು. ಹತ್ತಿರದಲ್ಲಿ ಸಿಗದಿದ್ದರೆ ಫೋನಿನಲ್ಲಿ, ವಿಡಿಯೋದಲ್ಲಿ ಮಾಡುವವರಿದ್ದಾರೆ. ಮನೆಯೊಳಗೆ ಬೇಡ, ಗೋಡೆಯಾಚೆ ಅಪ್ಪ ಇದ್ದಾರೆ. ಪಂಪ್‌ಶೆಡ್ಡಿನ ಹತ್ತಿರವೋ ಗುಡ್ಡದ ಮೇಲೋ, ನೆಟ್‌ವರ್ಕ್ ಸಿಗುವ ಕಡೆ ಹೋಗಿ ಕೂರಿ.

ಇದು ಹೊರಗೆ ಗೊತ್ತಾದರೆ ಬರುವ ಸಂಬಂಧವೂ ತಪ್ಪೀತು ಅನ್ನುವ ಹೆದರಿಕೆ ನಿಮಗೆ ಇದ್ದೇ ಇರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೋಪ್ಯತೆ ರೋಗಿಯ ಹಕ್ಕು. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಅನ್ನುವಂಥ ಕೆಲವೇ ಸಂದರ್ಭ ಬಿಟ್ಟರೆ ನೀವು ಹೇಳಿದ್ದನ್ನು ಅವರು ಹೊರಗೆ ಹೇಳುವ ಹಾಗಿಲ್ಲ. ಯಾವುದನ್ನು ಯಾವಾಗ ಹೊರಗೆ ಹೇಳಬೇಕಾಗುತ್ತದೆ ಅಂತ ಮೊದಲ ದಿನವೇ ಕೇಳಿಕೊಳ್ಳಿ. ಮುಂದೆ ಮದುವೆಯ ಮಾತು ಗಟ್ಟಿಯಾದಾಗ ಆ ಹುಡುಗಿಗೆ ನೀವೇ ಹೇಳಬೇಕು ಅಂತ ನನ್ನ ಅಭಿಪ್ರಾಯ. ಸಿಟ್ಟಿಗೆ ಮದ್ದು ಹುಡುಕಿದ ಗಂಡು, ಸಿಟ್ಟನ್ನು ಮನೆಗೆ ತರುವ ಗಂಡಿಗಿಂತ ಎಷ್ಟೋ ಮೇಲು, ಅದನ್ನು ತಿಳಿಯುವ ಹೆಣ್ಣುಮಕ್ಕಳಿದ್ದಾರೆ.

ಅಮ್ಮನ ಹರಕೆಯನ್ನು ಖಂಡಿತ ತೀರಿಸಿ. ಅವರಿಗೆ ತಿಳಿದ ದಾರಿಯಲ್ಲಿ ಅವರು ನಿಮ್ಮನ್ನು ನೋಡಿಕೊಳ್ಳುತ್ತಿದ್ದಾರೆ. ಮಧೂರಿಗೂ ಹೋಗಿ, ಇಲ್ಲಿಗೂ ಹೋಗಿ, ಒಂದಕ್ಕೊಂದು ಅಡ್ಡಿಯಿಲ್ಲ.

ತಂಗಿಯ ದಿನಾ ಬರುವ ಫೋನು ನಿಮಗೆ ಕಿರಿಕಿರಿ ಅಂತ ಗೊತ್ತು. ಅವಳಿಗೆ ಒಂದೇ ಕೆಲಸ ಕೊಡಿ, ಕನ್ನಡ ಬಲ್ಲ ಇಬ್ಬರು ಮೂವರ ಹೆಸರು ಹುಡುಕಿಕೊಡಲಿ. ಫೋನ್ ಮಾಡುವವರು ನೀವೇ ಆಗಿರಿ. ಒಳಗೆ ಏನು ಮಾತಾಡಿದೆ ಅಂತ ಮಾತ್ರ ಕೇಳಬೇಡ ಅಂತ ಅವಳಿಗೆ ಈಗಲೇ ಹೇಳಿಬಿಡಿ. ತಾನೂ ಹೋಗುವವಳಲ್ವಾ, ಅವಳಿಗೆ ಅರ್ಥವಾಗುತ್ತದೆ.