ಬಿಷಪ್ ಕೈಯಲ್ಲಿ ಬೊಕ್ಕಸದ ಕೀಲಿ

ಪ್ರಿಯ ಓದುಗರೇ,

ಇಂಗ್ಲೆಂಡಿನ ಎಕ್ಸೆಟರ್ ಕ್ಯಾಥೆಡ್ರಲ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹ ಓದಿ ಕೇಳಿದ್ದೀರಿ: ದೇವರ ಕೆಲಸದ ಬಿಷಪ್ ವಾಲ್ಟರ್ ಸ್ಟೇಪಲ್ಡನ್ ರಾಜನ ಖಜಾಂಚಿ ಆದದ್ದು ಹೇಗೆ? ಜನ ಆತನನ್ನು ನಡುಬೀದಿಯಲ್ಲಿ ಕೊಂದದ್ದು ಯಾಕೆ, ಲಂಚ ತಿಂದಿದ್ದನಾ?

ಮೊದಲನೆಯದು ಸುಲಭ. ಆ ಕಾಲದಲ್ಲಿ ಲ್ಯಾಟಿನ್, ಕಾನೂನು, ಲೆಕ್ಕಪತ್ರ ಬಲ್ಲವರು ಹೆಚ್ಚಾಗಿ ಚರ್ಚಿನವರೇ. ಚರ್ಚಿನ ಜಮೀನಿನ ಆದಾಯ ಅವರಿಗಿತ್ತು, ರಾಜನಿಗೆ ಸಂಬಳದ ಹೊರೆ ಕಡಿಮೆ. ಸ್ಟೇಪಲ್ಡನ್ 1308ರಲ್ಲಿ ಬಿಷಪ್ ಆದ. 1314ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಈಗಿನ ಎಕ್ಸೆಟರ್ ಕಾಲೇಜು ಶುರುಮಾಡಿದ. 1320ರಲ್ಲಿ ಎರಡನೇ ಎಡ್ವರ್ಡ್‌ನ ಖಜಾಂಚಿಯಾದ.

ದುರಾಸೆಯವನು ಅಂತ ಆಗಿನವರು ಬೈದಿದ್ದಾರೆ, ನಿಜ. ಆದರೆ ನನ್ನ ಪ್ರಕಾರ ಆತನಿಗೆ ಮುಳುವಾದದ್ದು ಕೆಲಸದ ಚುರುಕು. ರಾಶಿ ಬಿದ್ದಿದ್ದ ಹಳೆಯ ಕಡತಗಳನ್ನು ಗುಮಾಸ್ತರಿಂದ ವಿಂಗಡಿಸಿ ಪಟ್ಟಿ ಮಾಡಿಸಿದ. ಪಟ್ಟಿ ಸಿದ್ಧವಾದರೆ ಹಳೇ ಬಾಕಿ ಹೊರಗೆ ಬರದೆ ಇರುತ್ತದೆಯೇ? ವಸೂಲಿ ಬಿಗಿಯಾಯಿತು. ದಂಗೆಯೆದ್ದವರ ಜಮೀನು ಜಪ್ತಿಯಾಗಿ ಆ ಹಣವೂ ಸೇರಿತು. 1326ರ ಹೊತ್ತಿಗೆ ಬೊಕ್ಕಸದಲ್ಲಿ ಸುಮಾರು 60 ಸಾವಿರ ಪೌಂಡ್. ರಾಜನಿಗೆ ಖುಷಿ, ಉಳಿದವರಿಗೆಲ್ಲ ಉರಿ. 1321ರಲ್ಲಿ ರಾಜನ ನ್ಯಾಯಾಧೀಶರು ಬಂದು ಲಂಡನ್ ಊರಿನ ಹಕ್ಕುಗಳನ್ನೇ ಕೆದಕಿದಾಗ, ಇದು ಈತನದೇ ಕೈವಾಡ ಅಂತ ಊರವರು ನಂಬಿದರು. 1324ರಲ್ಲಿ ರಾಣಿ ಇಸಬೆಲ್ಲಾಳ ಜಮೀನೂ ಕೈಬಿಟ್ಟಿತು. ಆಕೆಯೂ ಬೆರಳು ತೋರಿಸಿದ್ದು ಈತನ ಕಡೆಗೇ. ಮರುವರ್ಷ ರಾಜಕುಮಾರನ ಜೊತೆ ಫ್ರಾನ್ಸ್‌ಗೆ ಹೋದವನು ಅಲ್ಲಿದ್ದ ರಾಣಿಯ ಕಡೆಯವರಿಗೆ ಹೆದರಿ ವೇಷ ಮರೆಸಿಕೊಂಡು ವಾಪಸ್ ಬರಬೇಕಾಯಿತು.

1326ರಲ್ಲಿ ರಾಣಿ ರಾಜನ ವಿರುದ್ಧವೇ ಸೈನ್ಯ ಕಟ್ಟಿಕೊಂಡು ಬಂದಳು. ರಾಜ ಲಂಡನ್ನನ್ನು ಸ್ಟೇಪಲ್ಡನ್‌ಗೆ ಒಪ್ಪಿಸಿ ಪಶ್ಚಿಮಕ್ಕೆ ಓಡಿದ. ಯಾರನ್ನು ಕಂಡರೆ ಊರಿಗೇ ಆಗದೋ ಅವನನ್ನೇ ಕಾವಲಿಗಿಡುವುದಾ! ಅಕ್ಟೋಬರ್ 15ರಂದು ಜನ ಮುತ್ತಿದರು. ಆಸರೆಗೆಂದು ಸೇಂಟ್ ಪಾಲ್ಸ್ ಚರ್ಚಿನತ್ತ ಕುದುರೆ ಓಡಿಸಿದ. ಬಾಗಿಲ ಬಳಿಯೇ ಕೆಳಗೆಳೆದು, ಚೀಪ್‌ಸೈಡ್ ಪೇಟೆಗೆ ಒಯ್ದು, ಬ್ರೆಡ್ ಕೊಯ್ಯುವ ಚಾಕುವಿನಿಂದ ತಲೆ ಕತ್ತರಿಸಿದರಂತೆ. ತಲೆ ರಾಣಿಗೆ ಹೋಯಿತು. ದೇಹ ತಿಂಗಳುಗಳ ನಂತರ ಎಕ್ಸೆಟರ್‌ಗೆ ಬಂತು.

ಕಳೆದ ಸಂಚಿಕೆಯ ಬರಹದಲ್ಲಿ ನೀವು ಮೆಚ್ಚಿದ ಚಿತ್ರದಲ್ಲಿರುವುದು ಆತನ ಕಾಲದಲ್ಲೇ ಮಾಡಿಸಿದ ಓಕ್ ಮರದ ಬಿಷಪ್ ಪೀಠ, ಎತ್ತರ ಸುಮಾರು 18 ಮೀಟರ್. ಎರಡನೇ ಮಹಾಯುದ್ಧದಲ್ಲಿ ಅದನ್ನು ಬಿಚ್ಚಿ ಬೇರೆ ಕಡೆ ಇಟ್ಟಿದ್ದರು. 1942ರಲ್ಲಿ ಕ್ಯಾಥೆಡ್ರಲ್ ಮೇಲೆ ಬಾಂಬ್ ಬಿದ್ದಾಗ ಅದು ಅಲ್ಲಿರಲಿಲ್ಲ.

— ಸಂಪಾದಕ