ಆ ವಿಚಿತ್ರ ಫೈಲಿನಿಂದಲೇ ಲೇಖನ ಶುರು ಮಾಡಿ

ನಮಸ್ಕಾರ. ನೀವು ಚಿತ್ರದುರ್ಗದಿಂದ ಕಳಿಸಿದ ‘ವಿವಿಧ ಗಣಕಗಳಲ್ಲಿ ಕಡತ ಪಥಗಳ ನಿರ್ವಹಣೆ’, ಅಂದರೆ ಫೈಲು ಎಲ್ಲಿದೆ ಅಂತ ಹೇಳುವ ಪಾತ್‌ಗಳ ಬಗೆಗಿನ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗಲ್ಲ. ಆದರೆ ಕೈಬಿಡಬೇಡಿ, ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ಏಳನೇ ಪುಟದ ಕೊನೆಯ ಪ್ಯಾರಾದಲ್ಲಿ ಕೂತಿದೆ.

ಮೆಕ್ಕೆಜೋಳದ ದರ ಬರೆದಿಡುವ ನಿಮ್ಮ ಪೈಥಾನ್ ಪ್ರೋಗ್ರಾಂ ಸರಿಯಾಗಿ ನಡೆಯುತ್ತದಾ ಅಂತ ನೋಡುವ ಟೆಸ್ಟ್ ನಿಮ್ಮ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಪಾಸಾಯಿತು, ದಾವಣಗೆರೆ ಹಾಸ್ಟೆಲಿನಲ್ಲಿರುವ ಗೆಳೆಯನ ಉಬುಂಟು ಲಿನಕ್ಸಿನಲ್ಲಿ ಫೇಲಾಯಿತು ಅಂತ ಅಲ್ಲಿ ಒಂದೇ ಸಾಲು ಬರೆದಿದ್ದೀರಿ. ಯಾಕೆ ಫೇಲಾಯಿತು ಅಂತ ಹೇಳೇ ಇಲ್ಲ! ನನಗೆ ತಡೆಯಲಾಗಲಿಲ್ಲ. ನೀವು ಜೊತೆಗೆ ಕಳಿಸಿದ ಕೋಡನ್ನು ನನ್ನ ಲಿನಕ್ಸ್ ಯಂತ್ರದಲ್ಲಿ ಓಡಿಸಿದೆ. ‘ದರ’ ಫೋಲ್ಡರ್ ಖಾಲಿ. ಅದರ ಪಕ್ಕದಲ್ಲಿ ಒಂದು ಹೊಸ ಫೈಲು, ಅದರ ಪೂರ್ತಿ ಹೆಸರೇ ‘ದರ\ಮೆಕ್ಕೆಜೋಳ’. ಲಿನಕ್ಸಿಗೆ ಬ್ಯಾಕ್‌ಸ್ಲ್ಯಾಶ್ ಅಂದರೆ ಹೆಸರಿನಲ್ಲಿ ಬರಬಹುದಾದ ಮಾಮೂಲಿ ಅಕ್ಷರ, ವಿಂಡೋಸಿನಲ್ಲಿ ಇರುವ ಹಾಗೆ ಫೋಲ್ಡರ್ ಬೇರೆ ಮಾಡುವ ಗುರುತಲ್ಲ. ಹಾಗಾಗಿ ಫೈಲು ಬರೆಯುವಾಗ ಎರರ್ ಬರಲೇ ಇಲ್ಲ, ಆಮೇಲೆ ಫೋಲ್ಡರಿನೊಳಗೆ ಹುಡುಕಿದಾಗ ಟೆಸ್ಟ್ ಬಿತ್ತು. ಇದನ್ನು ನೋಡಿದ ಓದುಗ ಜನ್ಮದಲ್ಲಿ ಮರೆಯಲ್ಲ. ಲೇಖನ ಇಲ್ಲಿಂದಲೇ ಶುರುವಾಗಬೇಕು.

ಮೊದಲ ಮೂರು ಪುಟದ ಇತಿಹಾಸ ತೆಗೆದುಬಿಡಿ. ವಿಂಡೋಸಿಗಿಂತ ಮೊದಲಿನ, 1981ರ ಡಾಸ್‌ನಲ್ಲಿ ಫೋಲ್ಡರ್‌ಗಳೇ ಇರಲಿಲ್ಲ, ‘/’ ಗುರುತನ್ನು ಕಮಾಂಡಿನ ಆಯ್ಕೆಗಳಿಗೆ ಬಳಸುತ್ತಿದ್ದರು, 1983ರಲ್ಲಿ ಫೋಲ್ಡರ್ ಬಂದಾಗ ‘\’ ಹಿಡಿಯಬೇಕಾಯಿತು. ಇಷ್ಟು ಸಾಕು.

ಇನ್ನು ಎರಡು ತಪ್ಪು. ವಿಂಡೋಸಿಗೆ ‘/’ ಅರ್ಥವಾಗಲ್ಲ ಅಂದಿದ್ದೀರಿ, ಅದು ನಿಜವಲ್ಲ. ಫೈಲು ತೆರೆಯುವಾಗ ವಿಂಡೋಸ್ ಸಾಮಾನ್ಯವಾಗಿ ಎರಡನ್ನೂ ಒಪ್ಪುತ್ತದೆ. ಪೆಟ್ಟು ಬೀಳುವುದು ಬೇರೆ ಕಡೆ: ಟೆಸ್ಟಿನಲ್ಲಿ ನೀವು ‘/’ ಹಾಕಿ ಉತ್ತರ ಬರೆದಿರುತ್ತೀರಿ, ಪ್ರೋಗ್ರಾಂ ವಿಂಡೋಸಿನಲ್ಲಿ ‘\’ ಹಾಕಿದ ಪಾತ್ ವಾಪಸ್ ಕೊಡುತ್ತದೆ, ಎರಡೂ ಒಂದೇ ಜಾಗ ಆದರೂ ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಬೇರೆ ಬೇರೆ. ಎರಡನೆಯದು, ಎಲ್ಲ ‘\’ ತೆಗೆದು ‘/’ ಹಾಕಿಬಿಡಿ ಅನ್ನುವ ನಿಮ್ಮ ಪರಿಹಾರ. ಅದು ತೇಪೆ. ಪಾತ್‌ಗಳಿಗೇ ಅಂತ ಪೈಥಾನ್ 3.4ರಿಂದ ಪಾತ್‌ಲಿಬ್ ಇದೆಯಲ್ವಾ? ಪಾತನ್ನು ಅಕ್ಷರಗಳ ಸಾಲಾಗಿ ಹಿಡಿಯದೆ ಪಾತ್ ಆಗಿಯೇ ಕಟ್ಟಿ, ಪಾತ್ ಆಗಿಯೇ ಹೋಲಿಸಿ. ತಾತ್ಕಾಲಿಕ ಫೈಲಿಗೆ ಲಿನಕ್ಸಿನ ‘/ಟಿಎಂಪಿ’ ಫೋಲ್ಡರನ್ನು ಕೈಯಾರೆ ಬರೆಯಬೇಡಿ, ಟೆಸ್ಟ್ ಓಡಿಸುವ ಪೈಟೆಸ್ಟ್ ಪ್ರತಿ ಟೆಸ್ಟಿಗೂ ಬೇರೆ ಫೋಲ್ಡರ್ ಕೊಡುತ್ತದೆ, ಅದನ್ನು ಕೇಳಿ ಪಡೆಯಿರಿ.

ನೀವು ಮುಟ್ಟದೇ ಬಿಟ್ಟ ಒಂದು ವಿಷಯ ಇದೆ, ಅದನ್ನು ಕನ್ನಡದಲ್ಲಿ ಬರೆಯುವವರೇ ಬರೆಯಬೇಕು. ‘ದೋಸೆ’ ಅಂತ ಒಂದು ಫೈಲಿಗೆ ಹೆಸರಿಡಿ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಆ ‘ದೋ’ದ ಓಕಾರವನ್ನು ಒಂದೇ ಸಂಕೇತವಾಗಿ ಇಡಬಹುದು, ಮೂರು ಸಂಕೇತ ಜೋಡಿಸಿಯೂ ಇಡಬಹುದು. ಪರದೆ ಮೇಲೆ ಎರಡೂ ಒಂದೇ ದೋಸೆ. ಲಿನಕ್ಸಿಗೆ ಮಾತ್ರ ಅವು ಎರಡು ಬೇರೆ ಫೈಲು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲು ಇಡುವ ವ್ಯವಸ್ಥೆ ಹೆಸರನ್ನು ತಾನೇ ಬಿಡಿಸಿ ಇಡುತ್ತಿತ್ತು, ಅಲ್ಲಿಂದ ಬಂದ ಫೈಲನ್ನು ಲಿನಕ್ಸಿನಲ್ಲಿ ಹುಡುಕಿದರೆ ಕಣ್ಣೆದುರೇ ಇದ್ದರೂ ಸಿಗದೇ ಹೋಗಬಹುದು. ಹೋಲಿಸುವ ಮೊದಲು ಎರಡು ಹೆಸರನ್ನೂ ಒಂದೇ ರೂಪಕ್ಕೆ ತರುವುದು ಹೇಗೆ ಅಂತ ನಾಲ್ಕು ಸಾಲು ಕೋಡ್ ಕೊಡಿ. ಇದಕ್ಕೆ ಒಂದು ಪುಟ ಪೂರ್ತಿ ಕೊಟ್ಟರೂ ಜಾಸ್ತಿ ಅಲ್ಲ. ಇಂಗ್ಲಿಷ್ ಹೆಸರಿನ ದೊಡ್ಡಕ್ಷರ-ಸಣ್ಣಕ್ಷರದ ಗೊಂದಲವನ್ನು ಇದರ ಪಕ್ಕದಲ್ಲೇ ಎರಡು ಮಾತಲ್ಲಿ ಮುಗಿಸಿ.

ಭಾಷೆಯ ಬಗ್ಗೆ ಒಂದು ಮಾತು. ಗೆಳೆಯನಿಗೆ ಫೋನಿನಲ್ಲಿ ‘ಕಡತ ಪಥ ದೋಷಪೂರಿತವಾಗಿದೆ’ ಅಂದಿರಾ? ‘ಪಾತ್ ತಪ್ಪಿದೆ ನೋಡೋ’ ಅಂದಿರುತ್ತೀರಿ. ಹಾಗೇ ಬರೆಯಿರಿ.

ಮುಂದಿನ ವಾರದೊಳಗೆ ಮೂರು ಪುಟಕ್ಕೆ ಇಳಿಸಿ ಕಳಿಸಿದರೆ ನಾನೇ ಕೂತು ನೋಡುತ್ತೇನೆ. ಗೆಳೆಯನ ಯಂತ್ರದಲ್ಲಿ ಆ ‘ದರ\ಮೆಕ್ಕೆಜೋಳ’ ಫೈಲು ಇನ್ನೂ ಇದ್ದರೆ ಅಳಿಸಬೇಡ ಅನ್ನಿ. ಫೋಲ್ಡರಿನ ಪಟ್ಟಿಯನ್ನು ಇದ್ದ ಹಾಗೇ ಕಾಪಿ ಮಾಡಿ ಲೇಖನದ ಜೊತೆ ಕಳಿಸಿ.