ಪೊಲೀಸರಿಗೆಂದೇ ಮಾಡಿದ .41 ಯಾಕೆ ಸೋತಿತು?

ಪ್ರಶ್ನೆ: ಅಮೆರಿಕದ ಪೊಲೀಸರಿಗೆ .38 ರಿವಾಲ್ವರ್ ಸಾಲದೆ .357 ಬಂತು, ಆಮೇಲೆ ಅವರಿಗೆಂದೇ ದೊಡ್ಡ ಚೌಕಟ್ಟಿನ .41 ಬಂತು ಎಂದು ಓದಿದೆ. .357 ಅನ್ನುವುದು .38ಕ್ಕಿಂತ ಚಿಕ್ಕದಲ್ಲವೇ ಸಾರ್? .41ರ ಹೆಸರನ್ನು ಈಗ ಯಾರೂ ಎತ್ತುವುದಿಲ್ಲವಲ್ಲ, ಯಾಕೆ?

ಉತ್ತರ: .38 ಸ್ಪೆಷಲ್ ಮತ್ತು .357 ಮ್ಯಾಗ್ನಂ (ಹೆಚ್ಚು ಮದ್ದಿನ ಜೋರಾದ ತೋಟಾಕ್ಕೆ ಇಡುವ ಹೆಸರು), ಎರಡರ ಗುಂಡೂ 0.357 ಇಂಚು ದಪ್ಪವೇ. .38 ಎನ್ನುವುದು ಹಳೆಯ ಕಾಲದಿಂದ ಉಳಿದುಬಂದ ಹೆಸರು, ಅಷ್ಟೇ. .357ರ ತೋಟಾದ ಹಿತ್ತಾಳೆ ಕವಚ ಮೂರು ಮಿಲಿಮೀಟರಿಗೂ ತುಸು ಹೆಚ್ಚು ಉದ್ದ. ಹಳೆಯ .38 ರಿವಾಲ್ವರಿಗೆ ಅದನ್ನು ಯಾರೂ ತಪ್ಪಿ ತುಂಬಬಾರದೆಂದು ಹಾಗೆ ಮಾಡಿದರು. ಆದರೆ .357 ರಿವಾಲ್ವರಿನಲ್ಲಿ .38 ತೋಟಾ ಧಾರಾಳವಾಗಿ ಹಾರಿಸಬಹುದು. (ನಮ್ಮ ಕಡೆಯ ಹಳೆಯ ವೆಬ್ಲಿ .38 ಬೇರೆಯೇ ಜಾತಿ. ಅದರ ತೋಟಾ ಗಿಡ್ಡ, ಗುಂಡು ಕೊಂಚ ದಪ್ಪ. ಹೆಸರು ಒಂದೇ ಎಂದು ಕಲಸಬೇಡಿ.)

ಅಮೆರಿಕದ ಪಾನನಿಷೇಧದ ಕಾಲದಲ್ಲಿ (1920-33) ಕಳ್ಳಸಾಗಣೆಯವರು ಕಾರು ಹತ್ತಿದರು. .38ರ 158 ಗ್ರೇನ್ (ಸುಮಾರು ಹತ್ತು ಗ್ರಾಂ) ತೂಕದ, ಮೊಂಡು ಮೂತಿಯ ಸೀಸದ ಗುಂಡಿಗೆ ಕಾರಿನ ತಗಡನ್ನು ನೆಚ್ಚಿಕೆಯಾಗಿ ತೂರುವ ಶಕ್ತಿ ಇರಲಿಲ್ಲ. ಸ್ಮಿತ್ ಅಂಡ್ ವೆಸ್ಸನ್ ಕಂಪನಿ 1930ರಲ್ಲಿ .44ರ ದೊಡ್ಡ ಚೌಕಟ್ಟಿಗೇ .38ರ ನಳಿಗೆ ಕೂರಿಸಿ, ಹೆಚ್ಚು ಮದ್ದಿನ ತೋಟಾ ತಡೆಯುವಂತೆ ಮಾಡಿತು. 1935ರ .357 ಅದೇ ದಾರಿಯ ಮುಂದಿನ ಹೆಜ್ಜೆ. ಅದರ ಮೊದಲ ರಿವಾಲ್ವರ್ ಎಫ್‌ಬಿಐ ಮುಖ್ಯಸ್ಥ ಎಡ್ಗರ್ ಹೂವರ್ ಕೈ ಸೇರಿತು.

ಇನ್ನು .41. 1964ರಲ್ಲಿ ಬಂತು. ಬಂದೂಕಿನ ಬಗ್ಗೆ ಬರೆಯುತ್ತಿದ್ದ ಎಲ್ಮರ್ ಕೀತ್, ಸ್ಕೀಟರ್ ಸ್ಕೆಲ್ಟನ್, ಗಡಿ ಗಸ್ತಿನ ಬಿಲ್ ಜೋರ್ಡನ್ ಇದಕ್ಕಾಗಿ ಹಟ ಹಿಡಿದವರು. .357ಕ್ಕಿಂತ ದಪ್ಪ ಗುಂಡು, .44 ಮ್ಯಾಗ್ನಂನಷ್ಟು ಒದೆತ ಬೇಡ, ಇದು ಅವರ ಲೆಕ್ಕ. ತೋಟಾ ಎರಡು ಬಗೆ: ಬೇಟೆಗೆ ಖಾರವಾದದ್ದು, ಪೊಲೀಸರಿಗೆ 210 ಗ್ರೇನ್ ಸೀಸದ ಸೌಮ್ಯವಾದದ್ದು. ಪೊಲೀಸರಿಗಾಗಿ ಸ್ಮಿತ್ ಅಂಡ್ ವೆಸ್ಸನ್ ಮಾಡಿದ .41 ರಿವಾಲ್ವರ್ ಮಾಡೆಲ್ 58ಕ್ಕೆ ಒಪ್ಪ ಓರಣ ಏನೂ ಇರಲಿಲ್ಲ. ಸ್ಯಾನ್ ಆಂಟೋನಿಯೊ, ಸ್ಯಾನ್ ಫ್ರಾನ್ಸಿಸ್ಕೊ ಪೊಲೀಸರು ಕೊಂಡರು. ಆದರೆ ಕಿಲೋಗೂ ಮೀರಿದ ಕಬ್ಬಿಣವನ್ನು ಇಡೀ ಪಾಳಿ ಸೊಂಟಕ್ಕೆ ಕಟ್ಟಿಕೊಂಡು ಓಡಾಡಬೇಕಲ್ಲ! ಚಿಕ್ಕ ಕೈಯವರಿಗೆ ಕುದುರೆ (ಟ್ರಿಗರ್) ಎಟುಕುವುದೇ ಕಷ್ಟ. ಜೊತೆಗೆ .41ಕ್ಕೂ ಅಂಟಿದ್ದ 'ಮ್ಯಾಗ್ನಂ' ಎಂಬ ಹೆಸರೇ ಇಲಾಖೆಗಳಿಗೆ ಮುಜುಗರ.

ನನಗೆ ತಮಾಷೆಯೆನಿಸುವುದು ಬೇರೆ. .41ಕ್ಕೆ ಅಡ್ಡಗಾಲಾದ, ಅದೇ ಕಂಪನಿಯ ಮಾಡೆಲ್ 19 ರಿವಾಲ್ವರ್ ಕೂಡ ಅದೇ ಜೋರ್ಡನ್ ಒತ್ತಾಯದಿಂದ 1955ರಲ್ಲೇ ಬಂದದ್ದು. ಮಧ್ಯಮ ಚೌಕಟ್ಟಿನಲ್ಲಿ .357! ಅಭ್ಯಾಸಕ್ಕೆ ಅಗ್ಗದ .38, ಗಸ್ತಿಗೆ .357. ಲೆಕ್ಕ ಬರೆಯುವ ಗುಮಾಸ್ತರಿಗೆ ಬಹಳ ಇಷ್ಟವಾದ ಏರ್ಪಾಡು.

ಆ ಉಳಿತಾಯದಲ್ಲಿ ಒಂದು ಮೋಸವಿತ್ತು: ಮೆತ್ತನೆಯ ತೋಟಾದಲ್ಲಿ ಪಳಗಿದ ಕೈ, ಜೀವ ಹೋಗುವ ಹೊತ್ತಿಗೆ ಮೊದಲ ಸಲ .357ರ ಒದೆತ, ಸದ್ದು, ಬೆಂಕಿ ಕಾಣುತ್ತಿತ್ತು. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್‌ನಲ್ಲಿ ಗುಂಡಿನ ಕಾಳಗದಲ್ಲಿ ನಾಲ್ವರು ಹೆದ್ದಾರಿ ಪೊಲೀಸರು ಸತ್ತ ಮೇಲೆ ಈ ಮಾತಿಗೆ ಬಲ ಬಂತು. ಆರೂ ತೋಟಾ ಒಟ್ಟಿಗೆ ತುಂಬುವ ಸಾಧನವೂ ಆಗಲೇ ಅಲ್ಲಿ ಬಳಕೆಗೆ ಬಂದದ್ದು. ಅಷ್ಟರಲ್ಲಿ ಇಲಿನಾಯ್ ರಾಜ್ಯ ಪೊಲೀಸರು ರಿವಾಲ್ವರನ್ನೇ ಬಿಟ್ಟು 9 ಎಂಎಂ ಪಿಸ್ತೂಲಿಗೆ ಹೋಗಿ ಮೂರು ವರ್ಷವಾಗಿತ್ತು. ಮಾಡೆಲ್ 58ರ ತಯಾರಿಕೆ ಅದೇ ದಶಕದಲ್ಲಿ ನಿಂತಿತು.